ಯಾರು ಗೆದ್ದರೂ ಸೋಲದವನು: ದ್ಯೂತ, ಗಣಿತ ಮತ್ತು ವ್ರತ

ಜೈನ ಶ್ರಾವಕಾಚಾರ ಗ್ರಂಥಗಳು ಹೇಳುವ ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರದಾರಗಮನಗಳು ಅದರ ಜೊತೆಯವು. ವಸುನಂದಿಯ ಶ್ರಾವಕಾಚಾರವು ಒಂದೊಂದು ವ್ಯಸನಕ್ಕೂ ಒಬ್ಬೊಬ್ಬ ನಿದರ್ಶನಪುರುಷನನ್ನು ಹೆಸರಿಸುತ್ತದೆ. ದ್ಯೂತಕ್ಕೆ ಅದು ಆರಿಸಿಕೊಂಡವನು ಯುಧಿಷ್ಠಿರ: ರಾಜ್ಯ ಹೋಯಿತು, ಹನ್ನೆರಡು ವರ್ಷ ವನವಾಸವಾಯಿತು, ಅವಮಾನ ಉಳಿಯಿತು. ಈ ನಿದರ್ಶನವನ್ನು ಓದಿದಾಗ ಒಂದು ಪ್ರಶ್ನೆ ಏಳುತ್ತದೆ. ಸೋಲು ತರುತ್ತದೆ ಎಂಬುದಷ್ಟೇ ದ್ಯೂತದ ದೋಷವೆ? ಹಾಗಾದರೆ ಗೆದ್ದವನು ನಿರ್ದೋಷಿಯೆ?

ಇದಕ್ಕೆ ಮೊದಲ ಬೆಳಕು ಅನಿರೀಕ್ಷಿತವಾದ ಒಂದು ಕಡೆಯಿಂದ ಬೀಳುತ್ತದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಕೋಳಿಕಾಳಗದ ಒಂದು ಲೆಕ್ಕವಿದೆ. ಮಂತ್ರ ಮತ್ತು ಔಷಧಗಳನ್ನು ಬಲ್ಲವನೊಬ್ಬ ಎರಡು ಹುಂಜಗಳ ಒಡೆಯರನ್ನು ಗುಟ್ಟಾಗಿ, ಬೇರೆಬೇರೆಯಾಗಿ ಕಾಣುತ್ತಾನೆ. 'ನಿನ್ನ ಹುಂಜ ಗೆದ್ದರೆ ಪಣದ ಹಣ ನನಗೆ. ಸೋತರೆ ಅದರ ಮೂರರಲ್ಲಿ ಎರಡು ಪಾಲನ್ನು ನಾನು ಕೊಡುತ್ತೇನೆ' ಎಂಬ ಕರಾರು ಮೊದಲನೆಯವನೊಡನೆ. ಎರಡನೆಯವನಿಗೂ ಇದೇ ಮಾತು, ಆದರೆ ಪರಿಹಾರ ನಾಲ್ಕರಲ್ಲಿ ಮೂರು ಪಾಲು. ಯಾವ ಹುಂಜ ಗೆದ್ದರೂ ಅವನಿಗೆ ದೊರೆಯುವ ಲಾಭ 12 ಹೊನ್ನು. ಹಾಗಾದರೆ ಪಣಗಳೆಷ್ಟು?

ಉತ್ತರ 42 ಮತ್ತು 40. ಮೊದಲ ಹುಂಜ ಗೆದ್ದರೆ ಅವನು 42 ಪಡೆದು 30 ಕೊಡುತ್ತಾನೆ. ಎರಡನೆಯದು ಗೆದ್ದರೆ 40 ಪಡೆದು 28 ಕೊಡುತ್ತಾನೆ. ಎರಡೂ ಕಡೆ ಉಳಿಯುವುದು 12. ಆಚಾರ್ಯನು ಇದನ್ನು ನೀತಿಪಾಠವಾಗಿ ಇಟ್ಟಿಲ್ಲ. ಮಿಶ್ರಕವ್ಯವಹಾರದ ಒಂದು ಅಭ್ಯಾಸವಾಗಿ ಇಟ್ಟಿದ್ದಾನೆ. ಆದರೆ ಜೂಜಿನ ಕಣದ ನಿಜವಾದ ರಚನೆ ಇಲ್ಲಿ ಬಯಲಾಗಿದೆ. ಆಡುವ ಇಬ್ಬರೂ ಅದೃಷ್ಟವನ್ನು ನೆಚ್ಚಿದ್ದಾರೆ. ಆಡದೆ ನಡುವೆ ನಿಂತವನು ಮಾತ್ರ ಲೆಕ್ಕವನ್ನು ನೆಚ್ಚಿದ್ದಾನೆ.

ಪ್ರಭುತ್ವವೂ ಈ ನಡುವಿನ ಸ್ಥಾನವನ್ನು ಬಹಳ ಹಿಂದೆಯೇ ಗುರುತಿಸಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ ದ್ಯೂತಾಧ್ಯಕ್ಷನು ಜೂಜನ್ನು ಒಂದೇ ಸ್ಥಳದಲ್ಲಿ ನಡೆಸಬೇಕು. ಬೇರೆಡೆ ಆಡಿದವರಿಗೆ 12 ಪಣ ದಂಡ. ದಾಳಗಳನ್ನು ಒದಗಿಸುವವನೂ ಅವನೇ. ಗೆದ್ದ ಧನದಲ್ಲಿ ನೂರಕ್ಕೆ ಐದರಷ್ಟನ್ನು ಅವನು ವಸೂಲು ಮಾಡಬೇಕು. ಸಮಬಲದ ಇಬ್ಬರು ಪ್ರತಿ ಆಟಕ್ಕೂ ನೂರು ಪಣವೊಡ್ಡಿ ಇಪ್ಪತ್ತು ಆಟ ಆಡಿದರೆಂದು ಇಟ್ಟುಕೊಳ್ಳೋಣ. ಇಬ್ಬರ ನಡುವೆ ಗೆಲವು ಹೇಗೆ ಹಂಚಿಹೋದರೂ ನೂರು ಪಣ ಬೊಕ್ಕಸಕ್ಕೆ ಸೇರಿರುತ್ತದೆ. ಆಟ ದೀರ್ಘವಾದಷ್ಟೂ ಆಟಗಾರರ ಒಟ್ಟು ಧನ ಕರಗುವುದು ನಿಶ್ಚಿತ. ದಾಳದಲ್ಲಿ ಮೋಸವಿರಬೇಕೆಂದೇನೂ ಇಲ್ಲ.

ದಾಳದ ಸಾಧ್ಯತೆಗಳನ್ನು ಎಣಿಸಲು ಬೇಕಾದ ಗಣಿತವೂ ಮಹಾವೀರಾಚಾರ್ಯನಲ್ಲಿತ್ತು. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಅವನು ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ಆದರೆ ಅದಕ್ಕೆ ಅವನು ಕೊಡುವ ಉದಾಹರಣೆಗಳು ಷಡ್ರಸಗಳು ಮತ್ತು ರತ್ನಗಳು. ದಾಳದ ಎಣಿಕೆಯನ್ನು ಹದಿನೇಳನೆಯ ಶತಮಾನದ ಆರಂಭದಲ್ಲಿ ಇಟಲಿಯ ಗೆಲಿಲಿಯೋ ಸ್ಪಷ್ಟಪಡಿಸಿದನು. ಮೂರು ದಾಳಗಳಲ್ಲಿ 9 ಎಂಬ ಮೊತ್ತವೂ 10 ಎಂಬ ಮೊತ್ತವೂ ಆರಾರು ಸಂಯೋಗಗಳಿಂದಲೇ ಬರುತ್ತವೆ. ಆದರೆ ಯಾವ ದಾಳದಲ್ಲಿ ಯಾವ ಅಂಕೆ ಎಂಬುದನ್ನೂ ಬೇರ್ಪಡಿಸಿ ಎಣಿಸಿದರೆ, ಒಟ್ಟು 216 ಬಗೆಗಳಲ್ಲಿ 9ಕ್ಕೆ 25, 10ಕ್ಕೆ 27. ದಾಳಕ್ಕೆ ಮಾತ್ರ ಈ ಎಣಿಕೆಯೂ ಗೊತ್ತಿಲ್ಲ, ಹಿಂದಿನ ಎಸೆತದ ನೆನಪೂ ಇಲ್ಲ. 'ಇಷ್ಟು ಹೊತ್ತು ಸೋತೆ, ಇನ್ನು ಗೆಲ್ಲಲೇಬೇಕು' ಎಂಬ ನೆನಪು ಆಟಗಾರನದು.

ಹಾಗಾದರೆ ಎಣಿಕೆ ಬಲ್ಲವನು ಪಾರಾಗುವನೆ? ಮಹಾಭಾರತದ ನಳೋಪಾಖ್ಯಾನ ಹೌದೆನ್ನುವಂತಿದೆ. ಋತುಪರ್ಣನು ತಾರೆಮರದ ಎಲೆಕಾಯಿಗಳನ್ನು ನಿಂತಲ್ಲೇ ಲೆಕ್ಕ ಹೇಳುತ್ತಾನೆ. ಅವನಿಂದ ನಳನು ಅಕ್ಷಹೃದಯವನ್ನು ಕಲಿತೊಡನೆ ಕಲಿ ಅವನ ಮೈಬಿಟ್ಟು ಹೋಗುತ್ತಾನೆ. ಈ ಕಥೆಯನ್ನು ಹೇಳಿದ ಬೃಹದಶ್ವನು ಯುಧಿಷ್ಠಿರನಿಗೂ ಆ ವಿದ್ಯೆಯನ್ನು ಕೊಡುತ್ತಾನೆ. ಕೊಟ್ಟದ್ದು ಕಾಡಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಬಳಿಕ. ಆದರೆ ಅದಕ್ಕೂ ಮುನ್ನ ಯುಧಿಷ್ಠಿರನಿಗೆ ಶಕುನಿಯ ಕಪಟ ತಿಳಿಯದೆ ಇರಲಿಲ್ಲ. ಒಮ್ಮೆ ಸೋತು, ಧೃತರಾಷ್ಟ್ರನ ವರದಿಂದ ಎಲ್ಲವನ್ನೂ ಮರಳಿ ಪಡೆದವನು ಕರೆ ಬಂದೊಡನೆ ಮತ್ತೆ ಪಗಡೆಗೆ ಕುಳಿತನು. ತಿಳಿವಳಿಕೆ ಅವನ ಕೈಯನ್ನು ಹಿಡಿಯಲಿಲ್ಲ.

ಹದಿಮೂರನೆಯ ಶತಮಾನದ ಆಶಾಧರನು 'ಸಾಗಾರಧರ್ಮಾಮೃತ'ದಲ್ಲಿ ಈ ತೊಡಕಿನ ಮೂಲವನ್ನು ಮುಟ್ಟುತ್ತಾನೆ. ದ್ಯೂತವನ್ನು ತೊರೆದವನು ಕೇವಲ ಮನೋವಿನೋದಕ್ಕಾಗಿ ಬಾಜಿ ಕಟ್ಟಿದರೂ ಅದು ದೋಷ, ಏಕೆಂದರೆ ಅದು ಹರ್ಷವನ್ನೂ ಅಮರ್ಷವನ್ನೂ ಹುಟ್ಟಿಸುತ್ತದೆ ಎಂಬುದು ಅವನ ವಾದ. ಇಲ್ಲಿ ಧನನಷ್ಟದ ಮಾತೇ ಇಲ್ಲ. ಗೆದ್ದವನ ಹರ್ಷವೂ ಸೋತವನ ಅಮರ್ಷವೂ ಕಷಾಯಗಳೇ. ಎರಡೂ ಮುಂದಿನ ಎಸೆತವನ್ನೇ ಬೇಡುತ್ತವೆ. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇದು: ಗೆದ್ದವನೂ ನಿರ್ದೋಷಿಯಲ್ಲ, ಸುರಕ್ಷಿತನೂ ಅಲ್ಲ.

ಇಂದು 'ಜವಾಬ್ದಾರಿಯಿಂದ ಆಡಿ' ಎಂಬ ಎಚ್ಚರಿಕೆಯನ್ನು ಕೇಳುತ್ತೇವೆ. ಆದರೆ ಆಟದ ನಡುವೆ ಜವಾಬ್ದಾರಿಯನ್ನು ಹೊರಬೇಕಾದ ಮನಸ್ಸು ಆಗಲೇ ಹರ್ಷಾಮರ್ಷಗಳ ವಶದಲ್ಲಿರುತ್ತದೆ. ಪರಿಗ್ರಹಪರಿಮಾಣ, ದಿಗ್ವ್ರತಗಳಂತಹ ಶ್ರಾವಕವ್ರತಗಳು ಮಿತಿಯನ್ನು ಮೊದಲೇ, ಮನಸ್ಸು ತಿಳಿಯಾಗಿರುವಾಗಲೇ ಗೊತ್ತುಮಾಡುತ್ತವೆ. ಯುಧಿಷ್ಠಿರನಿಗೂ ಒಂದು ವ್ರತವಿತ್ತೆಂದು ಸಭಾಪರ್ವ ಹೇಳುತ್ತದೆ: ಆಟಕ್ಕೆ ಕರೆದರೆ ಹಿಮ್ಮೆಟ್ಟುವುದಿಲ್ಲ ಎಂಬುದು. ಅದರಲ್ಲಿ ಧೈರ್ಯವಿತ್ತು, ಮಿತಿ ಇರಲಿಲ್ಲ. ಜೈನಾಚಾರ್ಯರು ಅವನನ್ನೇ ನಿದರ್ಶನವಾಗಿ ಆರಿಸಿದ್ದರ ಔಚಿತ್ಯವನ್ನು ಇಲ್ಲಿ ಕಾಣಬಹುದು. ಅಧರ್ಮಿಯೊಬ್ಬ ಜೂಜಿನಲ್ಲಿ ಕೆಟ್ಟನೆಂದರೆ ಓದುಗ ತನ್ನನ್ನು ಹೊರಗಿಟ್ಟುಕೊಳ್ಳಬಲ್ಲ. ಕೆಟ್ಟವನು ಧರ್ಮರಾಯನೇ ಆದಾಗ ಹಾಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.