ಕೇರಿಯ ಬೋರಿಂಗು

ಊರಿಗೆ ಬೇನೆ ಬಂತೆಂದು ಮೊದಲು ಸಾರಿದವನು ಡಾಕ್ಟರಲ್ಲ. ತಮಟೆ ಬಡಿದ ನಮ್ಮ ತೋಟಿ. ಯಾರ ಮನೇಲಿ ಹುಟ್ಟು, ಯಾರ ಮನೇಲಿ ಸಾವು ಎಂದು ಪಟೇಲ ಶಾನುಭೋಗರಿಗೆ ಮುಟ್ಟಿಸಿದವನೂ ಅವನೇ. ಆರೋಗ್ಯದ ಚರಿತ್ರೆ ಬರೆದವರು ಅವನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 1977ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಹಳ್ಳಿಗೊಬ್ಬ ಆರೋಗ್ಯ ಕಾರ್ಯಕರ್ತ ಎಂಬ ಯೋಜನೆ ತಂದು ತಿಂಗಳಿಗೆ 50 ರೂಪಾಯಿ ಗೊತ್ತುಮಾಡಿತು. 2005ರ ಯೋಜನೆಯಲ್ಲಿ ಆಶಾ ಅಕ್ಕಂದಿರು ಬಂದರು. ಅವರಿಗೂ ಸಂಬಳವಲ್ಲ, ಗೌರವಧನ. ಗೌರವ ಬಾಯಲ್ಲಿ ಸಿಗುತ್ತದೆ, ಧನಕ್ಕೆ ಬೀದಿಗಿಳಿಯಬೇಕು.

ಡಿಗ್ರಿ ಮುಗಿಸಿದ ನಾವು ಜಗಳೂರು ತಾಲೂಕಿನ ಹಳ್ಳಿಗಳಲ್ಲಿ ಒಂದು ವರ್ಷ ಆರೋಗ್ಯದ ಪಾಠ ಹೇಳಿದೆವು. ಹೆಗಲಿಗೆ ಚೀಲ, ಚೀಲದಲ್ಲಿ ಚಾರ್ಟು: ಕೈ ತೊಳೆಯಿರಿ, ಹಲ್ಲುಜ್ಜಿರಿ, ನೀರು ಕಾಯಿಸಿ ಕುಡಿಯಿರಿ. ಕೇರಿಯ ಒಬ್ಬ ಅವ್ವ ಬಾಯಿ ತೆರೆದು ತೋರಿಸಿದಳು. ಹಲ್ಲ ಮೇಲೆ ಕಂದು ಗೆರೆ. "ಉಜ್ಜಿದ್ರೆ ಇದು ಹೋಗ್ತೈತೇನಪ್ಪಾ?"

ಹೋಗುವುದಿಲ್ಲ. ಅದು ಕೊಳೆಯಲ್ಲ, ಫ್ಲೋರೈಡು. ಹಲ್ಲು ಹುಟ್ಟುವ ಮೊದಲೇ ಒಳಗಿಂದ ಕೂತ ಕಲೆ. ವರ್ಷಗಟ್ಟಲೆ ಕುಡಿದರೆ ಬೆನ್ನು, ಮಂಡಿ ಬಿಗಿಯುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಜಗಳೂರು ಸೀಮೆಯ ಎಷ್ಟೋ ಬೋರುಗಳು ಅದನ್ನು ದಾಟಿವೆ. ನೀರು ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡು ಸಾಯುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ನಾವು ಹೇಳಿದ ಪಾಠ ಅದೇ: ಚೆನ್ನಾಗಿ ಕಾಯಿಸಿ! ಪಾಠ ಕೊಟ್ಟವರನ್ನು ಕೇಳಿದರೆ, "ಚಾರ್ಟಲ್ಲಿ ಇರೋದು ಹೇಳ್ರಿ" ಅಂದರು.

ಆದರೆ ಆ ಬೋರಿಂಗನ್ನು ಬೈಯಲು ನಮ್ಮ ನಾಲಿಗೆ ಏಳುವುದಿಲ್ಲ. ಅದಕ್ಕೆ ಮೊದಲು ನಮ್ಮ ಅಜ್ಜಿಯರು ಸೇದೋ ಬಾವಿಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಬಂದು ಮೇಲಿಂದ ಹೊಯ್ಯಲಿ ಎಂದು ಬಿಸಿಲಲ್ಲಿ ಕಾದವರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿ ಕುಡಿದದ್ದು ಈ ಕಾಯುವಿಕೆಯ ವಿರುದ್ಧ. 1966-67ರ ಬಿಹಾರದ ಬರದ ನಂತರ ಯುನಿಸೆಫ್ ಕೊಟ್ಟ ಯಂತ್ರಗಳು ದೇಶದ ಕಲ್ಲುನೆಲ ಕೊರೆಯತೊಡಗಿದವು. ಮುಂದೆ ಕೈಪಂಪು ಹಳ್ಳಿ ಹಳ್ಳಿಗೆ ಬಂತು, ಕೇರಿಗೂ ಬಂತು. ಯಾರ ಅಪ್ಪಣೆಯೂ ಇಲ್ಲದೆ ನಮ್ಮ ಹೆಂಗಸರು ತಮ್ಮ ಕೈಯಾರೆ ಹೊಡೆದುಕೊಂಡ ಮೊದಲ ನೀರು ಅದು. ಕಾಲರಾದಿಂದ ಕಾಪಾಡಲೆಂದೇ ಬಂದ ನೀರು. ಕಲ್ಲಿನೊಳಗಿನ ವಿಷವನ್ನೂ ಮೇಲೆ ತಂದಿತು.

ಕೊರೆಯುವವರಿಗೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬಾಗಿದ ಬೆನ್ನುಗಳನ್ನು ಕಂಡ ಡಾಕ್ಟರುಗಳು, ಇದು ನೀರಿನ ಫ್ಲೋರೈಡಿನಿಂದಲೇ ಎಂದು 1937ರಲ್ಲೇ ಬರೆದಿದ್ದರು. ಯಂತ್ರ ಬರುವ ಮೂವತ್ತು ವರ್ಷ ಮೊದಲು! ಆ ಬರಹ ಇಂಗ್ಲಿಷಿನಲ್ಲಿತ್ತು, ಡಾಕ್ಟರುಗಳ ಪತ್ರಿಕೆಯಲ್ಲಿತ್ತು. ಕೇರಿಗೆ ಅದನ್ನು ತಮಟೆ ಬಡಿದು ಸಾರಿದವರಿಲ್ಲ.

ಸುಣ್ಣದಂಶವಿರುವ ರಾಗಿ, ಸೊಪ್ಪು, ಹಾಲು ಹೊಟ್ಟೆಗೆ ಬಿದ್ದರೆ ಫ್ಲೋರೈಡಿನ ಹಾವಳಿ ತುಸು ತಗ್ಗುತ್ತದೆ. ಹಾಗೆಂದು ಹೇಳಿದಾಗ ಅದೇ ಅವ್ವ ನಕ್ಕಳು: "ಹಾಲು ಡೇರಿಗೆ ಹಾಕ್ತೀವಿ ತಮ್ಮಾ, ಸಂಘದ ಸಾಲ ಐತೆ." ಮಳೆನೀರು ಹಿಡಿಯಿರಿ ಎಂದೆವು, ಮಳೆಯೇ ಅಪರೂಪದ ಸೀಮೆ.

ಕೊನೆಗೆ ಚಾರ್ಟು ಬದಿಗಿಟ್ಟೆವು. ಶಾಲೆಯ ಮೇಷ್ಟ್ರು, ಆಶಾ ಅಕ್ಕ, ನಾವು ಕೂಡಿ ಬೋರಿನ ನೀರು ಪರೀಕ್ಷೆಗೆ ಕಳಿಸಿದೆವು. ಮಿತಿ ದಾಟಿದ್ದಕ್ಕೆ ಕೆಂಪು ಬಣ್ಣ ಬಳಿದೆವು: ಬಟ್ಟೆ ಪಾತ್ರೆಗೆ ಸರಿ, ಕುಡಿಯಲು ಬೇಡ. ಬಣ್ಣ ಆರುವ ಮೊದಲೇ ಬಿಂದಿಗೆ ಹಿಡಿದು ಬಂದ ಹುಡುಗಿ ಕೇಳಿದಳು, "ಕುಡಿಯೋದು ಎಲ್ಲೈತೆ ಅಣ್ಣಾ?"

ಅದು ಊರೊಳಗಿತ್ತು.