ಬಂದರಿನ ಶಂಟಿಂಗ್ ಎಂಜಿನ್

ಬಂದರಿನ ದಕ್ಕೆ, ಗೋದಾಮು ಮತ್ತು ರೈಲು ಯಾರ್ಡುಗಳ ನಡುವೆ ವ್ಯಾಗನ್‌ಗಳನ್ನು ಎಳೆದು, ತಳ್ಳಿ, ಕಳಚಿ, ಜೋಡಿಸುತ್ತಿದ್ದ ಸಣ್ಣ ಉಗಿ ಎಂಜಿನ್. 19ನೆಯ ಶತಮಾನದ ಉತ್ತರಾರ್ಧದಿಂದ 20ನೆಯ ಶತಮಾನದ ಮಧ್ಯದವರೆಗೆ ವಸಾಹತು ಬಂದರುಗಳಲ್ಲಿ ಬಳಕೆಯಲ್ಲಿತ್ತು. ಬಂದರು ಹೆಸರಾಂತದ್ದಾದರೆ ಇಂಥ ಎಂಜಿನ್ ಇರಲೇಬೇಕು ಎಂದೇನಿಲ್ಲ. ಹಡಗು ದಕ್ಕೆಯವರೆಗೆ ಬರುವಷ್ಟು ಆಳದ ನೀರೂ ಒಳನಾಡಿನಿಂದ ಬಂದ ಹಳಿಯೂ ಒಂದೆಡೆ ಸೇರಿದಲ್ಲಿ ಮಾತ್ರ ಇದಕ್ಕೆ ಕೆಲಸ.

ದೂರದ ಗಾಡಿ ಎಳೆಯುವ ಎಂಜಿನ್‌ನ ಹಿಂದೆ ಇರುವ ಟೆಂಡರ್ ಎಂಬ ನೀರು-ಕಲ್ಲಿದ್ದಲಿನ ಗಾಡಿ ಇದಕ್ಕಿಲ್ಲ. ನೀರನ್ನೂ ಕಲ್ಲಿದ್ದಲನ್ನೂ ತಾನೇ ಹೊತ್ತಿರುತ್ತದೆ. ನೀರಿನ ತೊಟ್ಟಿ ಬಾಯ್ಲರಿನ ಎರಡು ಪಕ್ಕಗಳಲ್ಲಿ ಇರಬಹುದು, ಇಲ್ಲವೇ ಕುದುರೆಯ ಜೀನಿನಂತೆ ಬಾಯ್ಲರಿನ ಮೇಲೆಯೇ ಕೂತಿರಬಹುದು. ಎರಡನೆಯ ಬಗೆಯಲ್ಲಿ ಒಂದು ತೊಡಕಿತ್ತು: ಬಾಯ್ಲರಿನ ಕಾವಿಗೆ ತೊಟ್ಟಿಯ ನೀರು ಬಿಸಿಯಾಗುತ್ತದೆ, ನೀರು ತುಂಬ ಬಿಸಿಯಾದರೆ ಅದನ್ನು ಬಾಯ್ಲರಿಗೆ ನುಗ್ಗಿಸುವ ಇಂಜೆಕ್ಟರ್ ಕೈಕೊಡುತ್ತದೆ. ಚಕ್ರಗಳು ನಾಲ್ಕು ಅಥವಾ ಆರು, ಎಲ್ಲಕ್ಕೂ ಉಗಿಯ ಬಲ. ಎಂಜಿನ್ನಿನ ಇಡೀ ಭಾರ ಎಳೆಯುವ ಚಕ್ರಗಳ ಮೇಲೆಯೇ ಬೀಳುವುದರಿಂದ ಗಾತ್ರ ಕಿರಿದಾದರೂ ಹಿಡಿತ ಬಿಗಿ. ಚಕ್ರ ಚಿಕ್ಕದಾದಷ್ಟೂ ವೇಗ ಕಡಿಮೆ, ಎಳೆತ ಹೆಚ್ಚು. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆಯಿರುವುದರಿಂದ ಗೋದಾಮಿನ ಮೂಲೆಯ ಬಿಗಿ ತಿರುವಿನಲ್ಲೂ ಹಳಿ ತಪ್ಪದೆ ಹೊರಳುತ್ತಿತ್ತು. ಬ್ರಿಟನ್ನಿನ ಬ್ಯಾಗ್ನಾಲ್, ಹನ್ಸ್‌ಲೆಟ್, ಆಂಡ್ರ್ಯೂ ಬಾರ್ಕ್ಲೇ, ಜರ್ಮನಿಯ ಒರೆನ್‌ಸ್ಟೈನ್ ಉಂಡ್ ಕೊಪ್ಪೆಲ್ ಮುಂತಾದವರು ಈ ಬಗೆಯ ಎಂಜಿನ್‌ಗಳ ತಯಾರಕರು.

ಅಪಾಯದ ಕೆಲಸ ಎಂಜಿನ್ನಿನ ಹೊರಗಿತ್ತು. ಎರಡು ವ್ಯಾಗನ್‌ಗಳ ಬಫರುಗಳು ತಾಗುತ್ತಿದ್ದಂತೆ ಪಾಯಿಂಟ್ಸ್‌ಮನ್ ಎಂಬ ಯಾರ್ಡಿನ ಕೆಲಸಗಾರ ನಡುವೆ ನುಸುಳಿ, ಭಾರದ ಕೊಂಡಿಯನ್ನೆತ್ತಿ ಎದುರಿನ ಕೊಕ್ಕೆಗೆ ಹಾಕಿ, ಸ್ಕ್ರೂ ತಿರುಗಿಸಿ ಬಿಗಿ ಮಾಡಬೇಕು. ಡ್ರೈವರನಿಗೆ ಅವನು ಕಾಣುವುದಿಲ್ಲ. ಶಂಟಿಂಗ್ ನಡೆಸುವ ಶಂಟರ್ ತೋರಿಸುವ ಬಾವುಟ ಅಥವಾ ಕೈದೀಪವೇ ಮಾತು. ಹತ್ತಿಯ ಬೇಲುಗಳ ಬಳಿ ಹೊಗೆಕೊಳವೆಯ ಕಿಡಿಯ ಭಯ ಬೇರೆ. ಅದಕ್ಕಾಗಿ ಕೊಳವೆಗೆ ಬಲೆ ಕಟ್ಟುತ್ತಿದ್ದರು. ಬೆಂಕಿ ಸ್ವಲ್ಪವೂ ಸಲ್ಲದ ಕಡೆಗಳಿಗೆ, ಹೊರಗಿನ ಬಾಯ್ಲರಿನಿಂದ ಬಿಸಿನೀರು, ಉಗಿ ತುಂಬಿಸಿಕೊಂಡು ಓಡುವ ಬೆಂಕಿಯಿಲ್ಲದ ಎಂಜಿನ್ನೂ ಬಂತು.

ಭಾರತದಲ್ಲಿ ಮದ್ರಾಸ್, ಕಲ್ಕತ್ತೆಯಂಥ ದೊಡ್ಡ ಬಂದರುಗಳು ಸ್ವಂತ ಎಂಜಿನ್‌ಗಳನ್ನು ಇಟ್ಟುಕೊಂಡಿದ್ದವು. ಮುಂಬಯಿ ಪೋರ್ಟ್ ಟ್ರಸ್ಟ್ ತನ್ನದೇ ರೈಲ್ವೆಯನ್ನು 1915ರಲ್ಲಿ ಆರಂಭಿಸಿತು.

ಕನ್ನಡ ನಾಡಿನ ಸರಕು ಹಳಿಯ ಮೇಲೆಯೇ ಹಡಗಿನ ಬಳಿ ತಲುಪುತ್ತಿದ್ದುದು ಪೋರ್ಚುಗೀಸರ ಮರ್ಮಗೋವಾದಲ್ಲಿ. ಆದರೆ ಧಾರವಾಡ ಸೀಮೆಯ ಹತ್ತಿಗೆ ಮೊದಲು ಗೊತ್ತುಮಾಡಿದ್ದ ಬಂದರು ಕಾರವಾರ. 1860ರ ದಶಕದಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಕಾರವಾರದ ಬಳಿಯ ಸದಾಶಿವಗಡಕ್ಕೆ ತಂದಿಳಿಸಿತ್ತು; ಹುಬ್ಬಳ್ಳಿಗೆ ರೈಲಿನ ಯೋಜನೆಯೂ ಇತ್ತು. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ನಂತರ ಗಾಳಿ ಮರ್ಮಗೋವಾದ ಕಡೆ ತಿರುಗಿತು. ಮರ್ಮಗೋವಾದಿಂದ ಕ್ಯಾಸಲ್‌ರಾಕ್ ಕಡೆಗಿನ ಮೀಟರ್‌ಗೇಜ್ ದಾರಿ 1888ರಲ್ಲಿ ಗೋವೆಯ ಗಡಿ ಮುಟ್ಟಿತು. ಸದರ್ನ್ ಮರಾಠಾ ರೈಲ್ವೆಯದೂ ಅದೇ ಗೇಜ್ ಆಗಿದ್ದರಿಂದ ಹುಬ್ಬಳ್ಳಿಯಲ್ಲಿ ತುಂಬಿದ ವ್ಯಾಗನ್ ಬದಲಾಗದೆ ಬಂದರು ಸೇರುತ್ತಿತ್ತು. 20ನೆಯ ಶತಮಾನದ ಆರಂಭದಿಂದ ಸಂಡೂರಿನ ಮ್ಯಾಂಗನೀಸ್ ಅದಿರೂ ಇದೇ ದಾರಿ ಹಿಡಿಯಿತು. ಕಾರವಾರಕ್ಕೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯೊಂದಿಗೆ.

ಮಂಗಳೂರಿನ ಕತೆಯೇ ಬೇರೆ. ರೈಲು 1907ರಲ್ಲಿ ಬಂತು, ಬಂದರಿನ ಗೂಡ್ಸ್‌ಶೆಡ್‌ವರೆಗೂ ಹಳಿ ಹೋಯಿತು. ಆದರೆ ಅಳಿವೆಯ ಮರಳದಿಬ್ಬದಿಂದಾಗಿ ದೊಡ್ಡ ಹಡಗುಗಳು ಹೊರಕಡಲಿನಲ್ಲೇ ಲಂಗರು ಹಾಕುತ್ತಿದ್ದವು; ಸರಕು ದೋಣಿಗಳಲ್ಲಿ ಹೋಗಬೇಕಿತ್ತು. ಹಂಚಿನ ಕಾರ್ಖಾನೆಗಳು ನದಿದಂಡೆಯಲ್ಲೇ ಇದ್ದುದರಿಂದ ಹಂಚು ನೇರವಾಗಿ ಮಂಜಿ ಎಂಬ ಸರಕುದೋಣಿ ಏರುತ್ತಿತ್ತು. ಘಟ್ಟದ ಸರಕು ಬಂಟ್ವಾಳ ಪೇಟೆಗೆ ಇಳಿದು ನೇತ್ರಾವತಿಯಲ್ಲಿ ದೋಣಿಯಲ್ಲಿ ಬರುತ್ತಿತ್ತು. ಹಳಿಯೂ ಹಡಗೂ ಎದುರುಬದುರಾಗಲೇ ಇಲ್ಲ. ಹೀಗಾಗಿ ಶಂಟಿಂಗ್ ಎಂಜಿನ್ನಿನ ಪಾಲಿನ ಕೆಲಸವನ್ನು ಇಲ್ಲಿ ಮಂಜಿಯವರೂ ಹಮಾಲರೂ ಮಾಡಿದರು. 

ಉಗಿ ಎಂಜಿನ್ ಕೆಲಸವಿಲ್ಲದಾಗಲೂ ಕಲ್ಲಿದ್ದಲು ತಿನ್ನುತ್ತದೆ, ಬೆಳಗ್ಗೆ ಉಗಿ ಏಳಲು ಗಂಟೆಗಟ್ಟಲೆ ಹಿಡಿಯುತ್ತದೆ. ಅರ್ಧ ದಿನ ನಿಂತೇ ಇರಬೇಕಾದ ಶಂಟಿಂಗ್‌ನಲ್ಲಿ ಈ ನಷ್ಟ ಎದ್ದು ಕಾಣುತ್ತಿತ್ತು. ಬೇಕಾದಾಗ ಚಾಲೂ ಮಾಡಿ ಬೇಡವಾದಾಗ ನಿಲ್ಲಿಸಬಹುದಾದ ಡೀಸೆಲ್ ಬಂದ ಮೇಲೆ ಬಂದರುಗಳು ಇದನ್ನು ಕೈಬಿಟ್ಟವು. ಪಣಂಬೂರಿನ ನವಮಂಗಳೂರು ಬಂದರು 1970ರ ದಶಕದಲ್ಲಿ ಸಿದ್ಧವಾಗಿ, 1979ರಲ್ಲಿ ಹಾಸನ-ಮಂಗಳೂರು ದಾರಿ ತೆರೆಯುವ ಹೊತ್ತಿಗೆ ಕಾಲ ಡೀಸೆಲಿನದಾಗಿತ್ತು.