ಪಾತ್ರಚಲನೆಯ ಪ್ರಥಮ ಪಾಠಗಳು

ಮೂಡುಬಿದಿರೆಯ ಚೌಟರ ಅರಮನೆಗೆ ಹೋದವರ ಕಣ್ಣನ್ನು ಅಲ್ಲಿಯ ಮರದ ಕೆತ್ತನೆಗಳಲ್ಲಿ ನವನಾರೀಕುಂಜರವೂ ಪಂಚನಾರೀತುರಗವೂ ಮೊದಲು ಸೆಳೆಯುವುವು. ಒಂಬತ್ತು ಮಂದಿ ಸ್ತ್ರೀಯರ ಅಂಗಾಂಗಗಳು ಒಂದರೊಡನೊಂದು ಹೆಣೆದುಕೊಂಡು ಆನೆಯಾಗಿಯೂ, ಐವರು ಕೂಡಿ ಕುದುರೆಯಾಗಿಯೂ ತೋರುವರು. ದೇಹದ ರೇಖೆಯನ್ನು ಆ ಶಿಲ್ಪಿಯು ಎಷ್ಟು ಬಲ್ಲವನಾಗಿದ್ದನೆಂಬುದಕ್ಕೆ ಬೇರೆ ಸಾಕ್ಷ್ಯವು ಬೇಡ. ಆದರೆ ಆ ಆನೆಯು ಅಲ್ಲಿಯೇ ನಿಂತಿದೆ. ರೂಪವನ್ನು ನಿಲ್ಲಿಸುವುದು ಒಂದು ವಿದ್ಯೆ. ನಿಂತ ರೂಪವನ್ನು ನಡೆಯಿಸುವುದು ಬೇರೆಯೇ ವಿದ್ಯೆ. ಈಗಿನ ವಿದ್ಯಾರ್ಥಿಗಳು ಆನಿಮೇಷನ್ ಎಂಬ ಹೆಸರಿನಿಂದ ಗಣಕಯಂತ್ರದ ಮುಂದೆ ಕುಳಿತು ಕಲಿಯುವುದು ಈ ಎರಡನೆಯದನ್ನು. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಇದನ್ನೇ ತಲೆಮಾರುಗಳಿಂದ ಹುಡುಗರು ತಮ್ಮ ಸ್ವಂತ ದೇಹದ ಮೇಲೆ, ಯಕ್ಷಗಾನದ ಮೇಳಗಳಲ್ಲಿ ಕಲಿಯುತ್ತ ಬಂದರು.

ಪಾತ್ರಕ್ಕೆ ತಕ್ಕ ನಡೆಯಿರಬೇಕೆಂಬ ವಿಚಾರವು ನಮ್ಮಲ್ಲಿ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಗತಿಪ್ರಚಾರಕ್ಕೆಂದೇ ಒಂದು ಅಧ್ಯಾಯವಿದೆ. ದೇವತೆಗಳೂ ಅರಸರೂ ಇಡುವ ಹೆಜ್ಜೆಗೆ ನಾಲ್ಕು ತಾಲ, ಮಧ್ಯಮರದಕ್ಕೆ ಎರಡು, ಸ್ತ್ರೀಯರದಕ್ಕೂ ನೀಚಪಾತ್ರಗಳದಕ್ಕೂ ಒಂದು ಎಂದು ಅಲ್ಲಿ ಅಳತೆಯು ಹೇಳಲ್ಪಟ್ಟಿದೆ. ಇಲ್ಲಿ ತಾಲವೆಂದರೆ ಕೈತಟ್ಟುವ ತಾಳವಲ್ಲ, ಗೇಣಿನಂತಹ ಒಂದು ಅಳತೆ. ಹೆಜ್ಜೆಯ ಉದ್ದದಂತೆಯೇ ಅದರ ಕಾಲವೂ ನಿಯತವಾದುದು. ಚಲಚ್ಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಸಾಗುವುವಷ್ಟೆ. ಅವುಗಳಲ್ಲಿ 12ನ್ನು ಸಾಧಾರಣ ನಡಿಗೆಯ ಒಂದು ಹೆಜ್ಜೆಗೆ ಮೀಸಲಿಡಬೇಕು, ದಣಿದವನಿಗೆ ಹೆಚ್ಚು, ಅವಸರದವನಿಗೆ ಕಡಿಮೆ ಎಂದು ಇಂದಿನ ಉಪಾಧ್ಯಾಯನು ಹೇಳುವಾಗ, ಭರತನ ಲೆಕ್ಕವನ್ನೇ ಬೇರೊಂದು ಮಾನದಲ್ಲಿ ಹೇಳುತ್ತಾನೆ.

ಆದರೆ ಮೇಳಕ್ಕೆ ಸೇರಿದ ಹುಡುಗನು ನಾಟ್ಯಶಾಸ್ತ್ರವನ್ನು ಓದಿದವನಲ್ಲ. ದೀಪಾವಳಿಯ ಬಳಿಕ ಹೊರಟ ಮೇಳವು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಊರಿಂದೂರಿಗೆ ತಿರುಗುತ್ತಿತ್ತು. ಆ ತಿರುಗಾಟವೇ ಅವನ ಪಾಠಶಾಲೆ. ಹೆಜ್ಜೆಗಾರಿಕೆಯ ಮೊದಲ ಪಾಠವಾದ ಮೇಲೆ ಅವನಿಗೆ ದೊರೆಯುತ್ತಿದ್ದುದು ಕೋಡಂಗಿಯ ವೇಷ. ಆಟದ ಆರಂಭದಲ್ಲಿ, ಸಭಿಕರು ಇನ್ನೂ ಚಾಪೆ ಹಾಸಿ ಸ್ಥಳ ಹಿಡಿಯುತ್ತಿರುವಾಗ, ಅವನು ರಂಗಸ್ಥಳಕ್ಕೆ ಬಂದು ಕುಣಿದು ಹೋಗಬೇಕು. ಮಾತಿಲ್ಲ, ಕಥೆಯಿಲ್ಲ; ತಪ್ಪಿದರೂ ಪ್ರಸಂಗಕ್ಕೆ ಹಾನಿಯಿಲ್ಲ. ತಾಳಕ್ಕೆ ಕಾಲು, ಕಾಲಿಗೆ ಕೈ, ಕೈಗೆ ಕಣ್ಣು ಕೂಡಿಬರುವುದನ್ನು ಅಲ್ಲಿ ಅಭ್ಯಾಸ ಮಾಡಿದ ಮೇಲೆ ಬಾಲಗೋಪಾಲರ ಸರದಿ. ಇಲ್ಲಿ ಇಬ್ಬರು ಕೂಡಿ ಕುಣಿಯಬೇಕಾದುದರಿಂದ ಪಕ್ಕದವನ ದೇಹದ ಲೆಕ್ಕವೂ ತಿಳಿದಿರಬೇಕು. ಬಳಿಕ ಸ್ತ್ರೀವೇಷ, ಆಮೇಲೆ ಅಭಿಮನ್ಯು ಬಭ್ರುವಾಹನರಂತಹ ಪುಂಡುವೇಷ; ದೇವೇಂದ್ರಾದಿಗಳ ಕಿರೀಟವೇಷ, ರಾವಣ ಮಹಿಷಾಸುರರ ಬಣ್ಣದ ವೇಷಗಳು ಬಹು ದೂರದ ಮಾತು. ಎಲ್ಲರೂ ಎಲ್ಲ ಮೆಟ್ಟಿಲನ್ನೂ ಏರುತ್ತಿರಲಿಲ್ಲ. ಕೆಲವರು ಪುಂಡುವೇಷದಲ್ಲಿಯೇ ಹೆಸರಾದರು. ಕೆಲವರು ಹಾಸ್ಯಕ್ಕೆ ತಿರುಗಿದರು.

ತನ್ನ ಕುಣಿತ ಮುಗಿದ ಮೇಲೆ ಹುಡುಗನಿಗೆ ನಿದ್ರೆಯೆಂಬುದು ಇರಲಿಲ್ಲ, ಇರಲೂ ಬಾರದು. ನುರಿತ ವೇಷಧಾರಿಗಳು ಬರುತ್ತಿದ್ದುದು ರಾತ್ರಿಯ ಉತ್ತರಾರ್ಧದಲ್ಲಿ. ಚೌಕಿಯಲ್ಲಿ ಹಿರಿಯರ ಕಟ್ಟು ಬಿಗಿಯುತ್ತ, ಅವರು ಕನ್ನಡಿಯನ್ನು ಹಿಡಿದು ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಒಂದೊಂದಾಗಿ ಮುಖಕ್ಕೆ ಇಡುವುದನ್ನು ನೋಡುತ್ತ, ಆ ಮುಖವು ರಂಗದಲ್ಲಿ ಹೇಗೆ ತಿರುಗುವುದೆಂಬುದನ್ನು ಮರೆಯಿಂದ ಗಮನಿಸುತ್ತ ಅವನು ಬೆಳಗು ಮಾಡುತ್ತಿದ್ದನು. ಗುರುವು ಬಾಯಿಬಿಟ್ಟು ಹೇಳಿದುದಕ್ಕಿಂತ ಹೀಗೆ ಕದ್ದು ಕಲಿತುದೇ ಅಧಿಕವಾಗಿದ್ದಿತು.

ಬಣ್ಣದ ವೇಷದ ತೆರೆ ಒಡ್ಡೋಲಗವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ರಾಕ್ಷಸನು ಒಮ್ಮೆಲೇ ಬಂದು ನಿಲ್ಲುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಅವನಿದ್ದಾನೆ, ಚೆಂಡೆಯು ಏರುತ್ತದೆ, ಮೇಲಿನಿಂದ ಕಿರೀಟದ ಅಂಚು, ಬಳಿಕ ಕಣ್ಣು, ಮರಳಿ ಮರೆ. ಪ್ರೇಕ್ಷಕನ ಮನಸ್ಸನ್ನು ಮುಂದೆ ಆಗತಕ್ಕುದಕ್ಕೆ ಸಿದ್ಧಗೊಳಿಸಿ ಆಮೇಲೆ ಅದನ್ನು ತೋರಿಸುವ ಕ್ರಮವಿದು. ದಿಗಿಣ ಹಾರುವ ಪುಂಡುವೇಷಧಾರಿಯು ಹಾರುವ ಮುನ್ನ ಮೊಣಕಾಲನ್ನು ಬಗ್ಗಿಸಿ ಮೈಯನ್ನು ಕುಗ್ಗಿಸುವುದರಲ್ಲಿಯೂ ಇದೇ ನಿಯಮವು ಅಡಗಿದೆ. ಆ ಕುಗ್ಗುವಿಕೆಯಿಲ್ಲದ ಹಾರಾಟಕ್ಕೆ ಭಾರವಿರದು. ಭಾರವಿಲ್ಲದುದನ್ನು ಕಣ್ಣು ನಂಬದು.

ವಿಚಿತ್ರವೇನೆಂದರೆ, ಸಮುದ್ರದಾಚೆ ಅಮೆರಿಕಾ ದೇಶದಲ್ಲಿ ಕಾಗದದ ಪಾತ್ರಗಳಿಗೆ ಚಲನವನ್ನು ಕೊಡಹೊರಟವರೂ ಈ ಸಿದ್ಧಾಂತಕ್ಕೇ ಬಂದು ಮುಟ್ಟಿದರು. ವಾಲ್ಟ್ ಡಿಸ್ನಿಯು 1932ರಲ್ಲಿ ಡಾನ್ ಗ್ರಹಾಂ ಎಂಬ ಚಿತ್ರೋಪಾಧ್ಯಾಯನನ್ನು ಕರೆಯಿಸಿ ತನ್ನ ಕೆಲಸಗಾರರಿಗೆ ಸಂಜೆಯ ಪಾಠಗಳನ್ನು ಏರ್ಪಡಿಸಿದನು. ಅದುವರೆಗೆ ನಗೆಚಿತ್ರಗಳನ್ನು ಬರೆಯುತ್ತಿದ್ದವರು ಮನುಷ್ಯನ ಮೈಯನ್ನು ಎದುರಿಗಿಟ್ಟುಕೊಂಡು ಮತ್ತೆ ವಿದ್ಯಾರ್ಥಿಗಳಾದರು. ಆ ಬಳಗದ ಫ್ರಾಂಕ್ ಥಾಮಸ್, ಆಲಿ ಜಾನ್‌ಸ್ಟನ್ ಎಂಬಿಬ್ಬರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹನ್ನೆರಡು ತತ್ತ್ವಗಳನ್ನು ನಿರೂಪಿಸಿದ್ದಾರೆ. ಕ್ರಿಯೆಗೆ ಮುನ್ನ ಅದರ ಸೂಚನೆ, ಕ್ರಿಯೆ ನಿಂತ ಮೇಲೂ ಬಟ್ಟೆ ಕೂದಲುಗಳ ಮುಂದುವರಿದ ಓಟ, ಚಲನೆಯ ಬಾಗುರೇಖೆ, ತಕ್ಕಷ್ಟು ಅತಿಶಯ, ಕಾಲದ ಹಿಡಿತ ಇವೇ ಅವುಗಳಲ್ಲಿ ಮುಖ್ಯವಾದುವು. ಇಂದಿಗೂ ಹೊಸ ವಿದ್ಯಾರ್ಥಿಗೆ ಮೊದಲು ಕೊಡುವುದು ಪುಟಿಯುವ ಚೆಂಡು. ಮುಖವಿಲ್ಲ, ಕೈಕಾಲಿಲ್ಲ, ಭಾರ ಮತ್ತು ಕಾಲ ಎರಡೇ. ಇದನ್ನು ಆ ವಿದ್ಯೆಯ ಕೋಡಂಗಿಯೆಂದರೆ ತಪ್ಪಾಗದು. ಮನುಷ್ಯನಿಗೂ ಚಿತ್ರಕ್ಕೂ ನಡುವೆ ಬೊಂಬೆಯಿದೆ. ಉಪ್ಪಿನಕುದ್ರುವಿನ ಕೊಗ್ಗ ಕಾಮತರ ಮನೆತನವು ಸೂತ್ರದ ಬೊಂಬೆಗಳಿಗೆ ಯಕ್ಷಗಾನದ ಹೆಜ್ಜೆಯನ್ನೇ ಕಲಿಸಿತೆಂಬುದು ಲೋಕವಿದಿತವಾಗಿದೆ.

ಬಂಟವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಶಿಶುಗೀತಗಳನ್ನು ಮಕ್ಕಳು ಶಾಲೆಗಳಲ್ಲಿ ಅಭಿನಯಸಹಿತವಾಗಿ ಹಾಡುತ್ತ ಬಂದುದನ್ನೂ ಈ ಸಂದರ್ಭದಲ್ಲಿ ಮರೆಯಬಾರದು. ಹಾವಾಗಿ ಹೆಡೆಯಾಡಿಸಿದ ಮಗುವು ಪಾತ್ರಚಲನೆಯ ಮೊದಲ ಪಾಠವನ್ನು ತನಗರಿಯದೆಯೇ ಕಲಿತಿರುವುದು.

ಮೇಳದೊಳಗಿನ ಕಲಿಕೆಯು ಕೇಂದ್ರದ ಕಲಿಕೆಯಾಗಿ ಮಾರ್ಪಟ್ಟುದು 1970ರ ದಶಕದಲ್ಲಿ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಆಗ ಯಕ್ಷಗಾನ ತರಬೇತಿಯ ಕೇಂದ್ರವು ನೆಲೆಗೊಂಡಿತು. ಪಡ್ರೆ ಚಂದು, ಕೆ. ಗೋವಿಂದ ಭಟ್ಟರಂತಹ ಗುರುಗಳು ಅಲ್ಲಿ ಪಾಠ ಹೇಳಿದರು. ಕದ್ದು ಕಲಿಯಬೇಕಾಗಿದ್ದುದನ್ನು ಕ್ರಮವಾಗಿ ಹೇಳಿಕೊಡುವಂತಾಯಿತು. ಮೇಳದ ನಂಟಿಲ್ಲದ ಮನೆಯ ಹುಡುಗನಿಗೂ ಬಾಗಿಲು ತೆರೆಯಿತು. ಇದು ಸಣ್ಣ ಉಪಕಾರವಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯಲ್ಲಿ ಇಂದು ಕಾಲೇಜು ಓದುವವರು, ಹೆಣ್ಣುಮಕ್ಕಳೂ ಸಹ, ಗೆಜ್ಜೆ ಕಟ್ಟುತ್ತಾರೆ.

ಹಾನಿಯು ಬೇರೆಡೆಯಿಂದ ಬಂದಿತು. ಇರುಳಿಡೀ ನಡೆಯುತ್ತಿದ್ದ ಆಟವು ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳಲ್ಲಿ ಕಾಲಮಿತಿಗೆ ಒಳಗಾಗಿದೆ. ಮರುದಿನ ಕಚೇರಿಗೆ ಹೋಗತಕ್ಕ ಪ್ರೇಕ್ಷಕನಿಗೆ ಇದು ಅನುಕೂಲವೇ, ದೂರಲಾಗದು. ಆದರೆ ಐದಾರು ಗಂಟೆಗಳಲ್ಲಿ ಪ್ರಸಂಗವನ್ನು ಮುಗಿಸಬೇಕಾದಾಗ ಕತ್ತರಿಯು ಮೊದಲು ಬೀಳುವುದು ಪೂರ್ವರಂಗದ ಮೇಲೆ. ಅದು ಕಥೆಗೆ ಬೇಡವಾದುದು, ನಿಜ; ಕಲಿಯುವವನಿಗೆ ಮಾತ್ರ ಬೇಕಾದುದು. ಕೇಂದ್ರದಲ್ಲಿ ಹೆಜ್ಜೆಯನ್ನು ಕಲಿತು ಬಂದ ಹುಡುಗನು ಈಗ ನೇರವಾಗಿ ಕಥೆಯ ನಡುವೆ, ದೂತನಾಗಿಯೋ ಸೇನೆಯ ಒಬ್ಬನಾಗಿಯೋ ನಿಲ್ಲಬೇಕಾಗಿದೆ. ತಪ್ಪಲು ಎಡೆಯಿಲ್ಲದ ಜಾಗವದು. ಕೋಡಂಗಿ ಬಾಲಗೋಪಾಲರ ಕುಣಿತವನ್ನು ಪೂರ್ಣವಾಗಿ ನೋಡಬಯಸುವವರು ಇನ್ನು ಮಕ್ಕಳ ಮೇಳಗಳ ಆಟಕ್ಕೋ ತರಬೇತಿ ಕೇಂದ್ರಗಳ ಪ್ರದರ್ಶನಕ್ಕೋ, ಅದೂ ದೀಪ ಹಚ್ಚುವ ಹೊತ್ತಿಗೇ, ಹೋಗಬೇಕಾಗುವುದು.